ಕಾಟು ಹಾಕಿದ ಸಾಲು

ಉದ್ಯಮಬಾಗದ ನಮ್ಮ ಫೌಂಡ್ರಿಗೆ
ರಾಜಕೋಟದಿಂದ ಫೋನು:
ಪಂಪಿನ ಮುಚ್ಚಳ, ಎರಡು ಸಾವಿರ ನಗ,
ಒಂದಕ್ಕೆ ತೊಂಬತ್ತೆರಡು.
ಕೊಟ್ಟರೆ ಪೂರಾ ಕೊಡಬೇಕು, ಇಲ್ಲಾಂದ್ರ ಬ್ಯಾಡ.

ಚೌಗುಲೆ ಸಾಹೇಬ್ರು ಚಾಳೀಸು ಹಣೆಗೇರಿಸಿದರು:
"ನಮಗ ನೂರಾ ಹತ್ತು ಬೀಳತೈತಿ.
ಹದಿನೆಂಟು ಕೈಯಿಂದ ಹಾಕಿ
ಮಂದಿ ನೀರೆತ್ತಲಿ ಅಂತ ದಾನ ಮಾಡೂಣೇನು?"

ನಾನು ಲೆಕ್ಕದಾಕಿ.
ಜೋಳದ ಚೀಲದ ಹೊಲಿಗೆ ಬಿಚ್ಚಿದಂತೆ
ಆ ನೂರಾ ಹತ್ತನ್ನು ಬಿಚ್ಚಿದೆ.

ಗುಜರಿ ಕಬ್ಬಿಣ, ಕೋಕು, ಮರಳು ಇರಲಿ,
ಮುಚ್ಚಳ ಹುಟ್ಟಿದರಷ್ಟೇ ಹುಟ್ಟುವ ಖರ್ಚು.
ಕೋರ್ ಮಾಡುವ ರುಕ್ಮವ್ವನ ಕೂಲಿ, ನಗಕ್ಕಿಷ್ಟು ಅಂತ, ಇರಲಿ.
ಲಾರಿ ಇರಲಿ.

ಶೆಡ್ಡಿನ ಬಾಡಿಗೆ? ಕಾಟು.
ಕುಲುಮೆಯ ಸಾಲದ ಕಂತು? ಅದಕ್ಕೆ ರಾಜಕೋಟ ಗೊತ್ತೇ ಇಲ್ಲ.
ಹೋದ ವರ್ಷದ ಮರದ ಪ್ಯಾಟರ್ನು, ಹನ್ನೊಂದು ಸಾವಿರ,
ಹೊಳೆಗೆ ಬಿದ್ದ ಚಪ್ಪಲಿ, ಈಗ್ಯಾಕೆ ಅದರ ಮಾತು.
ಕಾವಲಿನ ಇಮಾಮಸಾಬರ ಪಗಾರ?
ಆರ್ಡರು ಬಂದರೂ ಬಿಟ್ಟರೂ
ಅವರು ರಾತ್ರಿ ಅಷ್ಟೇ ಕೆಮ್ಮುತ್ತಾರೆ.
ಕಾಟು.

ಅದರ ಕೆಳಗೆ ನನ್ನ ಹೆಸರಿತ್ತು.
ತಿಂಗಳಿಗೆ ಹದಿನಾಲ್ಕು ಸಾವಿರದ ಐನೂರು.
ವ್ಯತ್ಯಾಸ ಸೊನ್ನೆ.
ಪೆನ್ಸಿಲ್ ಒಂದು ಗಳಿಗೆ ನಿಂತಿತು. ಆಮೇಲೆ
ಉಳಿದವಕ್ಕೆ ಎಳೆದಷ್ಟೇ ನೆಟ್ಟಗೆ ಎಳೆದೆ.

ಉಳಿದದ್ದು ಎಪ್ಪತ್ತೇಳು.
"ಒಂದಕ್ಕ ಹದಿನೈದು ಗಿಟ್ಟತೈತಿ, ಸಾಹೇಬ್ರ."
ಆದರೆ ಕುಲುಮೆಯ ಹೊಟ್ಟೆಯಲ್ಲಿ ಜಾಗ
ಹದಿನಾಲ್ಕುನೂರಕ್ಕೆ ಮಾತ್ರ.
ಮಿಕ್ಕ ಆರುನೂರು ಸೂಟಿ ದಿನ ಎರಕ ಹೊಯ್ಯಬೇಕು,
ಜೋಡಿ ಕೂಲಿ, ಒಂದಕ್ಕೆ ಇಪ್ಪತ್ತೆರಡು ಹೆಚ್ಚು,
ಅಂದರೆ ಅವುಗಳ ಮೇಲೆ ಏಳೇಳು ಲುಕ್ಸಾನು.
ಕೂಡಿ ಕಳೆದು
ಹದಿನಾರು ಸಾವಿರದ ಎಂಟುನೂರು.

"ಶಿನ್ನೋಳಿಯ ಹಳೇ ಗಿರಾಕಿಗೆ ಈ ದರ ಗೊತ್ತಾದರ?"
ಅದಕ್ಕೆ ನನ್ನ ಹಾಳೆಯಲ್ಲಿ ಮನೆ ಇರಲಿಲ್ಲ.
ಇಬ್ಬರೂ ಸುಮ್ಮನೆ ಕಿಟಕಿಯಾಚೆ ನೋಡಿದೆವು.
ಯಾರೋ ಮರಳಿಗೆ ನೀರು ಚಿಮುಕಿಸುತ್ತಿದ್ದರು.

"ತಗೋಳೂಣು," ಅಂದರು.
ಬಾಗಿಲಿಗೆ ಹೋಗಿ ತಿರುಗಿ ನಿಂತು:
"ಮೂರು ಸೂಟಿ ಹಿಡೀತೈತಿ. ಗೇಟ್ ಪಾಸು, ತೂಕದ ಬುಕ್ಕು ಬರಿಯಾಕ
ನೀವೂ ಬರಬೇಕಾಗತೈತಿ, ಮಂದಾಕಿನಿಬಾಯಿ."

ರಬ್ಬರ್ ತಗೊಂಡು ಒಂದೇ ಒಂದು ಗೆರೆ ಒರೆಸಿದೆ.
ಮೂರು ದಿನ, ಆರುನೂರರಂತೆ.
ಹದಿನಾರು ಸಾವಿರದ ಎಂಟುನೂರು ಇಳಿದು
ಹದಿನೈದು ಸಾವಿರ ಆಯಿತು.

ಕಂಪನಿಗೆ ಅಷ್ಟು ಕಡಿಮೆ.
ಹಾಳೆಯ ಮೇಲೆ, ಸ್ವಲ್ಪ ಮಸಿಯಾಗಿ,
ನನ್ನ ಹೆಸರು.