ಸಾಕು

ಅರ್ಜಿಯ ಹನ್ನೊಂದನೆಯ ಕಲಮು:
ವಿದೇಶಿ ಅಭ್ಯರ್ಥಿಗಳು ವಾರ್ಡಿಗೆ ಹೋಗುವ ಮುನ್ನ
ಸ್ಥಳೀಯ ಭಾಷೆಯಲ್ಲಿ ತೇರ್ಗಡೆಯಾಗತಕ್ಕದ್ದು.
ತೇರ್ಗಡೆ ಮಾಡತಕ್ಕವಳು ನಾನು.
ಗಂಟೆ ಲೆಕ್ಕದ ಸಂಬಳ, ಹೊಸೂರು ರಸ್ತೆಗೆ ತೆರೆದ ಕಿಟಕಿ,
ಅ ಆ ಇ ಈ ನಡುವೆ ಆಂಬುಲೆನ್ಸು.

ಹಿವೋತ್ ಬಂದದ್ದು ಅಡಿಸ್ ಅಬಾಬದಿಂದ.
ಇಂಗ್ಲಿಷ್ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಎಂಟು.
ಮೊದಲ ವಾರ ಸೋತದ್ದು ಮೆಸ್ಸಿನಲ್ಲಿ:
ಬಡಿಸುವ ಹುಡುಗ ಸೌಟು ಹಿಡಿದು "ಬೇಕಾ?" ಅನ್ನುವನು,
ಅವಳ ಭಾಷೆಯಲ್ಲಿ ಬೆಕ್ಕಾ ಅಂದರೆ ಸಾಕು ಅಂತ.
ಹೌದು ಹೌದು ಎಂದು ತಲೆಯಾಡಿಸಿ
ತಟ್ಟೆ ತುಂಬ ಸಾರು ಮಾಡಿಕೊಂಡು ಕೂತಿದ್ದಳಂತೆ.

ನನ್ನ ಪುಸ್ತಕ ಹಳೆಯದು. ಮೊದಲು ಆಟೋ, ಆಮೇಲೆ ತರಕಾರಿ.
ಆರನೆಯ ಪಾಠದ ಅಂಚೆ ಕಚೇರಿಯಲ್ಲಿ ಒಬ್ಬ ವೆಂಕೋಬರಾವ್
ಇಂದಿಗೂ ಕಾರ್ಡು ಕೊಳ್ಳುತ್ತಿದ್ದಾನೆ.
ಎದೆ ಭಾರ, ಜೀವ ಹಿಂಡುತ್ತೆ, ತಲೆ ಗುಂಯ್‌ಗುಡುತ್ತೆ,
ಯಾರೋ ಮಾಡಿಸಿದ್ದಾರೆ
ಇವು ಯಾವ ಪಾಠಕ್ಕೂ ಸೇರದೆ
ಓಪಿಡಿಯ ಬೆಂಚಿನಲ್ಲೇ ಕೂತಿದ್ದವು, ಚೀಟಿ ಹಿಡಿದು.

ಪರೀಕ್ಷೆಯ ದಿನ ಎದುರಿಗೆ ಮುನಿಲಕ್ಷ್ಮಮ್ಮ, ಆನೇಕಲ್ಲಿನ ಕಡೆಯವರು.
ಹೊರಗೆ ಮಗ, ಇಪ್ಪತ್ತೆರಡು ವರ್ಷ, ಸ್ಟೂಲಿನ ಮೇಲೆ ತೂಗುತ್ತಾ.
ನನ್ನ ಕೈಯಲ್ಲಿ ಹಾಳೆ: ಉಚ್ಚಾರ ಐದು, ವಿಭಕ್ತಿ ಐದು,
ಮರ್ಯಾದೆಯ ಬಹುವಚನ ಐದು, ಗ್ರಹಿಕೆ ಹತ್ತು.

"ಸಾಕೀ ಸಾಕೀ ಸಾಕಾಯ್ತು ಕಣಮ್ಮಾ" ಅಂದರು,
ಸೆರಗಿನ ತುದಿಗೆ ಬಸ್ ಟಿಕೆಟ್ಟು ಸುತ್ತುತ್ತಾ.

ಬರೆಯುತ್ತಿದ್ದವಳು ನಿಂತಳು.
ಒಂದು ಸಾಕು ಊಟದ ಪಾಠದಲ್ಲಿ ಹೇಳಿಕೊಟ್ಟಿದ್ದೆ,
ಇನ್ನೊಂದು ನಾಯಿ ಕೋಳಿಯ ಪಾಠದಲ್ಲಿ.
ಎರಡೂ ಒಂದೇ ಉಸಿರಲ್ಲಿ ಬರಬಹುದೆಂದು
ನನಗೇ ಹೊಳೆದಿರಲಿಲ್ಲ.
ನಾನೂ ಇಬ್ಬರನ್ನು ಸಾಕಿದವಳು.

ಪೆನ್ನು ಕೆಳಗಿಟ್ಟಳು. ಕುರ್ಚಿ ಹತ್ತಿರ ಎಳೆದಳು.
ಚಿಲ್ಲರೆ ಎಣಿಸಿ ಕೊಡುವವರ ಹಾಗೆ
ಒಂದೊಂದೇ ಪದ ಇಟ್ಟಳು:
"ನಿನಗೆ. ಸಾಯಬೇಕು. ಅನ್ನಿಸುತ್ತಾ?"

ಆ ವಾಕ್ಯ ನನ್ನ ಪುಸ್ತಕದಲ್ಲಿಲ್ಲ.

ಫ್ಯಾನು ತಿರುಗಿತು. ಮುನಿಲಕ್ಷ್ಮಮ್ಮ ನನ್ನ ಕಡೆ ನೋಡಲಿಲ್ಲ.
"ದಿನಾ ಇಲ್ಲ" ಅಂದರು ಅವಳಿಗೆ.
"ಅವನು ಮಲಗಿದ ಮೇಲೆ. ಒಂದೊಂದು ರಾತ್ರಿ."

ನಿನಗೆ ಅಲ್ಲ, ನಿಮಗೆ.
ಐದಕ್ಕೆ ಸೊನ್ನೆ ಹಾಕಬೇಕು.
ಆ ಖಾನೆಯ ಮೇಲೆ ಪೆನ್ನೂರಿ ಕೂತೇ ಇದ್ದೆ,
ಶಾಯಿ ಹರಡಿ ಹಿಂದಿನ ಪುಟಕ್ಕೂ ಇಳಿಯಿತು.

ಬಾಗಿಲ ಬಳಿ ಕೇಳಿದಳು: ಮಿಸ್, ಉಚ್ಚಾರ ಸರಿ ಇತ್ತಾ?
ಇತ್ತು, ಎಂದೆ.
ಅಷ್ಟು ಸ್ಪಷ್ಟವಾಗಿ ನಮ್ಮ ಮನೆಯಲ್ಲಿ
ಯಾರೂ ಕೇಳಿದ್ದಿಲ್ಲ, ಎನ್ನಲಿಲ್ಲ.