ಒತ್ತಿದ್ದಕ್ಕೂ ಕೇಳಿದ್ದಕ್ಕೂ ನಡುವೆ

ಫುಟ್ಸ್‌ಕ್ರೇಯಲ್ಲಿ ಮೀನಂಗಡಿಗಳ ಸಾಲು ದಾಟಿದರೆ
ಹಳೇ ಲ್ಯಾಪ್‌ಟಾಪ್ ಮಾರುವ ಒಂದು ಕಿಷ್ಕಿಂಧೆ.
ಡಿಪೋದ ಕೋಟು ಬಿಚ್ಚದೆ ಹಾಗೇ ಹೋಗಿ ನಿಂತೆ,
ಜೇಬಿನಲ್ಲಿ ಐನೂರು ಡಾಲರು, ರಬ್ಬರು ಸುತ್ತಿ.

‘ಯಾರಿಗೆ, ಮಗನಿಗಾ?’
ಅಂಗಿಯ ಮೇಲೆ ಥಿನ್ ಅಂತ ಹೆಸರು.
ನನಗೇ ಎಂದೆ.
‘ಈಮೇಲು, ಫೋಟೋ, ಅಷ್ಟೇ ತಾನೆ?’
ಅಲ್ಲಪ್ಪ. ಬೀಟು. ಬೇಸು. ಡ್ರಮ್ಮು.
ಹುಡುಗ ಮೊದಲು ನಕ್ಕ, ಆಮೇಲೆ ಸ್ಟೂಲು ಎಳೆದುಕೊಟ್ಟ.

ಹನ್ನೊಂದು ವರ್ಷ ಎಂಬತ್ತೆರಡನೇ ನಂಬರಿನ ಟ್ರಾಮು.
ಕಾಲಡಿ ಗಂಟೆ: ಅಡ್ಡ ಬಂದ ಕಾರಿಗೆ ಒಂದು, ಸೈಕಲ್ಲಿಗೆ ಎರಡು,
ಫೋನು ನೋಡುತ್ತ ಹಳಿ ದಾಟುವವರಿಗೆ ಲೆಕ್ಕವಿಲ್ಲ.
ಮ್ಯಾರಿಬಿರ್ನಾಂಗ್ ಸೇತುವೆ ಇಳಿದ ಮೇಲೆ, ಹಳಿ ಕೂಡುವಲ್ಲಿ,
ಚಕ್ರ ಒಂದು ಮಾತು ಹೇಳುತ್ತದೆ:
ತಕ್ ತಕ್, ತಡೆದು, ತಕ್.
ಮೂರೂ ಅಲ್ಲ, ನಾಲ್ಕೂ ಅಲ್ಲ, ಮೂರೂವರೆಯ ಲೆಕ್ಕ.
ರಜೆಯ ದಿನ ಹಿಂದಿನ ಸೀಟಿನಲ್ಲಿ ಕೂತು
ಫೋನಿನಲ್ಲಿ ಹಿಡಿದಿಟ್ಟಿದ್ದೇನೆ, ನೂರಾ ನಲವತ್ತು ತುಣುಕು.
ಹೊಲಿಯಲು ಸೂಜಿ ಬೇಕು, ಅದಕ್ಕೇ ಬಂದೆ.

ಥಿನ್ ಗಾಜಿನ ಮೇಲೆ ಮೂರು ಇಟ್ಟ.
ಒಂದು ಬೆಳ್ಳಿಯದು, ಹಪ್ಪಳದಷ್ಟು ತೆಳು,
ಫ್ಯಾನೇ ಇಲ್ಲ, ಸದ್ದೇ ಇಲ್ಲ; ಬೆಲೆ ಕೇಳಿ ನನ್ನ ಸದ್ದೂ ನಿಂತಿತು.
ಇನ್ನೊಂದು ಆಟವಾಡುವವರದು,
ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಮಿಣಮಿಣ, ತೂಕ ಒಳಕಲ್ಲಿನದು.
ಮತ್ತೊಂದು ಕಪ್ಪು. ಯಾವುದೋ ಆಫೀಸು ಬಿಟ್ಟುಕೊಟ್ಟದ್ದು.
ಮೂಲೆ ಸವೆದಿದೆ, ಒಂದು ಕೀಲಿಯ ಅಕ್ಷರವೇ ಅಳಿಸಿದೆ.

‘ಹೊಳಪು ನೋಡಬೇಡಿ,’ ಎಂದ. ‘ಪರದೆಯಿಂದ ಬೀಟು ಹುಟ್ಟಲ್ಲ.
ರ‍್ಯಾಮು ಹದಿನಾರಿರಲಿ, ಎಂಟಾದರೆ ಹತ್ತನೇ ಟ್ರ್ಯಾಕಿಗೇ ಉಸಿರು ಕಟ್ಟುತ್ತೆ.
ಯುಎಸ್‌ಬಿ ತೂತು ಎಷ್ಟಿವೆ, ಎಣಿಸಿ.’
ಕಪ್ಪಿನದರಲ್ಲಿ ಎಣಿಸಿದೆ. ಮೂರು. ಒಂದು ಸಡಿಲ.

ಮಡಕೆ ಕೊಳ್ಳುವವಳಿಗೆ ಯಾರೂ ಪುಸ್ತಕ ಕೊಡುವುದಿಲ್ಲ.
ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಲ್ಲಿ ತಟ್ಟುತ್ತಾಳೆ,
ಬಿರುಕಿದ್ದರೆ ಮಡಕೆಯೇ ಹೇಳುತ್ತದೆ.
ಇದನ್ನು ಎಲ್ಲಿ ತಟ್ಟಲಿ?

ಪುಟ್ಟ ಕೀಬೋರ್ಡೊಂದು ಸಿಕ್ಕಿಸಿದ. ‘ಇಲ್ಲಿ.’
ತಟ್ಟಿದೆ.

ಢಂ.

ಬೆರಳು ಎದ್ದ ಮೇಲೆ ಬಂತು ಸದ್ದು,
ಊಟಕ್ಕೆ ಕರೆದ ಮೇಲೆ ಚಪ್ಪಲಿ ಹುಡುಕುವ ನೆಂಟನ ಹಾಗೆ.

‘ಇದೇ ತಡ. ಒತ್ತಿದ್ದಕ್ಕೂ ಕೇಳಿದ್ದಕ್ಕೂ ನಡುವಿನ ಸಂದು.
ಎಲ್ಲದರಲ್ಲೂ ಇರುತ್ತೆ.’ ಎಲ್ಲೋ ಒಳಗೆ ಸಂಖ್ಯೆ ಇಳಿಸಿದ:
ಐನೂರ ಹನ್ನೆರಡು, ಇನ್ನೂರ ಐವತ್ತಾರು, ನೂರ ಇಪ್ಪತ್ತೆಂಟು.
ಇಳಿಸಿದಷ್ಟೂ ಸದ್ದು ಬೆರಳಿಗೆ ಹತ್ತಿರ, ಯಂತ್ರಕ್ಕೆ ದಮ್ಮು.
ಅರವತ್ತನಾಲ್ಕಕ್ಕೆ ಚಿಟಪಟ, ಒಗ್ಗರಣೆಯ ಸಾಸಿವೆ.
ಮತ್ತೆ ಏರಿಸಿದ.

ನನಗೆ ಗೊತ್ತು ಈ ಸಂದು.
ತುಂಬಿದ ಗಾಡಿ, ಒದ್ದೆ ಹಳಿ, ಸಂಜೆ ಐದೂವರೆ;
ಬ್ರೇಕಿಗೆ ಕೈ ಹೋದ ಗಳಿಗೆಗೂ ಚಕ್ರ ಒಪ್ಪಿದ ಗಳಿಗೆಗೂ ನಡುವೆ
ಮೂವತ್ತು ಮೀಟರು ಬೀದಿ ಜಾರಿಹೋಗುತ್ತದೆ.
ಬೇಕರಿಯೆದುರು ನಿಲ್ಲಬೇಕಾದರೆ
ಶಾಲೆಯ ಹತ್ತಿರವೇ ನಿಲ್ಲಲು ಶುರುಮಾಡಬೇಕು.
ನಿನ್ನ ಮಿಲಿಸೆಕೆಂಡಿಗೆ ನಾನು ಹೆದರಲೇನಪ್ಪ!

ಆಗ ಕಪ್ಪಿನದು ಗೊರಗೊರ ಅಂದಿತು.
‘ಫ್ಯಾನು,’ ಎಂದ ಥಿನ್, ತನ್ನದೇ ತಪ್ಪೆಂಬಂತೆ.
‘ಮೈಕಿಟ್ಟು ಹಾಡಿದರೆ ಇದೂ ಸೇರಿಕೊಳ್ಳುತ್ತೆ.’
ನಾನು ಹಾಡುವವಳಲ್ಲ.
‘ಹಾಗಾದರೆ ನಾನೂರ ಅರವತ್ತು.’
ನಾನೂರು.
‘ನಾನೂರ ಮೂವತ್ತು, ಹೆಡ್‌ಫೋನೂ ಕೊಡ್ತೀನಿ.’
ಕೊಟ್ಟ; ಎಡಗಿವಿಯ ದಿಂಬು ಹರಿದಿತ್ತು.

ಮನೆಗೆ ಟ್ರಾಮಿನಲ್ಲೇ ಹೊರಟೆ.
ಕೋಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ,
ಇನ್ನೂ ಬೆಚ್ಚಗಿತ್ತು.
ಮುಂದೆ ಮಾರ್ಲೀನ್, ಇವತ್ತು ಅವಳ ಪಾಳಿ.
ಯಾರೋ ಛತ್ರಿಯವನು ಹಳಿಗೆ ಕಾಲಿಟ್ಟ.
ನನ್ನ ಕಾಲು ನೆಲ ಒತ್ತಿತು.
ಗಂಟೆ ಆಮೇಲೆ ಬಂತು.
ಎಷ್ಟು ಮಿಲಿಸೆಕೆಂಡು ಅಂತ ಥಿನ್‌ನನ್ನು ಕೇಳಬೇಕು.