ಕಲಂ ಹನ್ನೊಂದು

ಕಚೇರಿ ಕಿಟಕಿಯ ಸರಳಿಗೆ ಗಲ್ಲ ತಾಗಿಸಿ ನಿಂತಿದ್ದಾಳೆ
ವೈ. ಸಿ. ಅಮ್ಮಿಣಿ, ಒಂಬತ್ತನೇ ತರಗತಿ.
ವೈ ಅಂದರೆ ಎರವ, ಸಿ ಅಂದರೆ ಚುಂಡೆ, ಅವಳಪ್ಪ.
ಇಷ್ಟು ತುಂಬಿಸಲು ತಾಪತ್ರಯವಿಲ್ಲ.
ಜಾತಿ ಪತ್ರ ಉಂಟು, ಆಧಾರ್ ಉಂಟು,
ಹೆಬ್ಬೆರಳ ಗೆರೆ ಮಾತ್ರ ಯಂತ್ರಕ್ಕೆ ಸಿಗುತ್ತಿಲ್ಲ.
ಡಿಸೆಂಬರಿನಿಂದ ಶನಿವಾರ ಭಾನುವಾರ ಕಾಫಿ ಕುಯ್ದ ಕೈ.
ನನ್ನ ಸೆರಗಿಗೆ ಒರೆಸಿ ಒತ್ತಿಸಿದೆ,
ಮೂರನೇ ಸಲಕ್ಕೆ ಸಿಕ್ಕಿತು.

ಅರ್ಜಿಯ ನೆತ್ತಿಯ ಮೇಲೆ ದಪ್ಪಕ್ಷರ:
ವಸತಿರಹಿತ ವಿದ್ಯಾರ್ಥಿಗಳ ಶಿಕ್ಷಣ ನೆರವು.
ಕಲಂ ಹನ್ನೊಂದು: ಖಾಯಂ ವಿಳಾಸ.
ಕಲಂ ಹನ್ನೆರಡು: ಮನೆ ಕಂದಾಯದ ರಸೀದಿ ಸಂಖ್ಯೆ.
ನಕ್ಷತ್ರವಿದ್ದಲ್ಲಿ ಖಾಲಿ ಬಿಡುವಂತಿಲ್ಲ.

‘ಎಲ್ಲಿರುವುದು ಮಗೂ?’
‘ಈಗಲಾ ಮೇಡಂ?’
ಬೆರಳು ಮಡಿಚತೊಡಗಿದಳು.
ಅಮ್ಮತ್ತಿ ಕಡೆಯ ಲೈನಿನಲ್ಲಿ ಏಳನೇ ನಂಬರು,
ಗೋಡೆಗೆ ಟಾರಿನಲ್ಲಿ ಬರೆದ ಏಳು;
ಸಾಹುಕಾರರಿಗೂ ಅಪ್ಪನಿಗೂ ಮುಂಗಡದ ಮಾತು ಬಂದು
ರಾತ್ರಿಯೇ ಜೀಪು ಹತ್ತಿ ಪಾಲಿಬೆಟ್ಟ;
ಅಲ್ಲಿ ಮೆಣಸು ಮುಗಿದ ಮೇಲೆ ಬೀಗ;
ಆನೆ ಕಂದಕದ ಆಚೆ ಚಿಕ್ಕಮ್ಮನ ಪ್ಲಾಸ್ಟಿಕ್ ಗುಡಿಸಲು,
ಅದನ್ನು ಫಾರೆಸ್ಟಿನವರು ಬಿಚ್ಚಿ
ನೀಟಾಗಿ ಮಡಿಸಿ ಕೈಗೆ ಕೊಟ್ಟರಂತೆ.
‘ಈಗ ಮಾಲ್ದಾರೆ ಹತ್ತಿರ. ಹೂಮಳೆವರೆಗೆ.’

ಹೂಮಳೆವರೆಗೆ ಎಂಬ ಊರಿಗೆ
ಪಿನ್‌ಕೋಡು ಹುಡುಕಿದೆ.

ಹೋದ ವರ್ಷ ಇದೇ ಬಾಬ್ತಿನ
ನಲವತ್ತೆರಡು ಸಾವಿರ ರೂಪಾಯಿ
‘ಅರ್ಹ ಫಲಾನುಭವಿಗಳು ಇರುವುದಿಲ್ಲ’ ಎಂದು ಬರೆದು
ಹಿಂದಿರುಗಿಸಿದವಳು ನಾನೇ,
ಮಾರ್ಚ್ ಮೂವತ್ತು, ಸಂಜೆ ಐದರ ಮೊದಲು.
ಆಡಿಟ್‌ನವರು ಚಹಾ ಕುಡಿದು ಮೆಚ್ಚಿದರು: ಲೆಕ್ಕ ಸ್ವಚ್ಛ.
ಆ ವಾರವೇ ಹಾಜರಿ ಪುಸ್ತಕದಲ್ಲಿ
ಹನ್ನೊಂದು ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.
ದೀರ್ಘ ಗೈರು.
ಅಡಿಪಟ್ಟಿ ಇಟ್ಟು ಎಳೆದದ್ದು, ಗೆರೆ ನೆಟ್ಟಗಿದೆ.

ಇವಳಿಗೆ ಬರಬೇಕಾದ್ದು ಆರು ಸಾವಿರದ ಎಂಟುನೂರು.
ಅದರಲ್ಲಿ ಒಂದು ಜೊತೆ ಶೂ, ಬಸ್ ಪಾಸು,
ಕರೆಂಟಿಲ್ಲದ ಲೈನಿಗೊಂದು ಸೋಲಾರ್ ದೀಪ,
ಉಳಿದದ್ದು ಯಾರ ಮುಂಗಡಕ್ಕೋ ಹೋದೀತು,
ಹೋಗಲಿ.

ಬರೆದೆ:
‘ಬೆಂಚು ನಾಲ್ಕು, ಕಿಟಕಿ ಪಕ್ಕ,
ಒಂಬತ್ತನೇ ಬಿ, ಸರ್ಕಾರಿ ಪ್ರೌಢಶಾಲೆ, ಸಿದ್ದಾಪುರ.’
ರಸೀದಿ ಸಂಖ್ಯೆಗೆ ಅವಳ ಹಾಜರಿ ಸಂಖ್ಯೆ.
ಸರ್ವರು ತಿರುಗಿತು, ತಿರುಗಿತು,
ಹಸಿರು ಬಿತ್ತು.
ಸುಳ್ಳು ಬರೆದೆನೇ?
ನೂರ ಹದಿನಾಲ್ಕು ದಿನ ಅವಳು
ಯಾರೂ ಎಬ್ಬಿಸದೆ ಕೂತ ಜಾಗ
ಇದೊಂದೇ ಇತ್ತು.

ಮಂಜೂರಾತಿ ಪತ್ರ ಬಂದದ್ದು ಜೂನ್ ಎರಡನೇ ವಾರ.
ಪೋಸ್ಟ್‌ಮನ್ ಬೆಳ್ಯಪ್ಪ ಕೊಡೆ ಗೋಡೆಗೊರಗಿಸಿ
ವಿಳಾಸ ಎರಡು ಸಲ ಓದಿದ,
ನನ್ನ ಮೇಜಿಗೆ ಬರಲಿಲ್ಲ,
ಸೀದಾ ಒಂಬತ್ತನೇ ಬಿಗೆ ಹೋಗಿ
ನಾಲ್ಕನೇ ಬೆಂಚಿನ ಮೇಲೆ ಲಕೋಟೆ ಇಟ್ಟ.
ಅಲ್ಲಿ ಹೊಸ ಹುಡುಗಿ, ಅಸ್ಸಾಮಿನ ಕಡೆಯವಳು, ರೆಹನಾ.
ಅಪ್ಪ ಅಮ್ಮ ಗುಹ್ಯದ ತೋಟದಲ್ಲಿ, ಕನ್ನಡ ಇನ್ನೂ ಆರು ತಿಂಗಳದ್ದು.
ಅಕ್ಷರಕ್ಕೆ ಬೆರಳಿಟ್ಟು ಓದಿದಳು:
ಬೆಂ ಚು. ನಾ ಲ್ಕು. ಕಿ ಟ ಕಿ.
‘ಇದು ನಂದು’ ಎಂದಳು.

ಲಕೋಟೆ ಅವಳ ಕೈಯಿಂದ ಬಿಡಿಸಿಕೊಳ್ಳಲು
ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಭಾನುವಾರ ಸಂತೆಯಲ್ಲಿ, ಒಣಮೀನಿನ ಸಾಲಿನೆದುರು,
ಹನ್ನೊಂದರಿಂದ ಮೂರರವರೆಗೆ ನಿಂತೆ.
ಚುಂಡೆಯ ಮಗಳನ್ನು ಕಂಡಿರಾ?
ಕುಟ್ಟದ ಕಡೆ ಎಂದರು, ತಿತಿಮತಿ ಎಂದರು,
ಮೊನ್ನೆ ಜೀಪಿನಲ್ಲಿ ಹೋದಳು ಎಂದಳೊಬ್ಬಳು,
ಯಾರ ಜೀಪೆಂದು ಅವಳಿಗೆ ಗೊತ್ತಿಲ್ಲ.
ಬರಿಗೈಯಲ್ಲಿ ನಿಂತದ್ದು ಸರಿ ಕಾಣದೆ
ಕಾಲು ಕಿಲೋ ಸಿಗಡಿ ಕೊಂಡೆ.
ಬರುವ ಭಾನುವಾರವೂ ಹೋಗಬೇಕು.

ಸೋಮವಾರ ರೆಹನಾಳ ಅರ್ಜಿ.
ಕಲಂ ಹನ್ನೊಂದಕ್ಕೆ ಬಂದಾಗ ಪೆನ್ನು ಕೇಳಿ ಪಡೆದಳು,
ನಾಲಿಗೆ ಕಚ್ಚಿ, ತಾನೇ ಬರೆದಳು.
ಕಿಟಕಿಯ ನಡುವೆ, ಟಕಾರಕ್ಕೆ,
ಕೊಂಬೊಂದು ಹೆಚ್ಚಾಗಿ ಬಿತ್ತು.
ತಿದ್ದಲಿಲ್ಲ ನಾನು.